ಬಾಯಿ ಬರಿಸಿದ ಗುಳಿಗೆ

ಕೆಲವರ ಮನೆಗೆ ಕರೆಯದೆ ನೆಂಟರು ಬರುತ್ತಾರೆ. ನನ್ನ ಪಾಲಿಗೆ ಹಾಗೆ ಬರುವುದು ನಗೆಪಾಟಲು. ಎಪ್ಪತ್ತರ ದಶಕದಲ್ಲಿ ನಾನು ಬಿಜಾಪುರದ ಜೋರಾಪುರ ಪೇಟೆಯ ಒಂದು ಮನೆಯ ಸೊಸೆ, ತಿಕೋಟಾದ ಹೆಣ್ಣುಮಕ್ಕಳ ಸಾಲಿಯಲ್ಲಿ ಪಾಠ ಹೇಳುವ ಅಕ್ಕೋರು, ಗಾಂಧಿ ಚೌಕದ ಒಬ್ಬ ಡಾಕ್ಟರರ ಕಾಯಂ ಗಿರಾಕಿ. ಮೂರೂ ಕಡೆ ಜನ ನನ್ನಿಂದಾಗಿ ಬೇಕಾದಷ್ಟು ನಕ್ಕಿದ್ದಾರೆ. ಈಗ ಈ ಕಥೆ ಕೇಳುವವರೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಗಲಿ, ಆ ಹೊಟ್ಟೆಗೆ ಅವರೇನು ದಿನಾ ಸೂಜಿ ಚುಚ್ಚಿಕೊಳ್ಳಬೇಕಾಗಿಲ್ಲವಲ್ಲ.

ಏಪ್ರಿಲ್ ತಿಂಗಳ ಸ್ವೆಟರ್

ಬಿಜಾಪುರದ ಏಪ್ರಿಲ್ ಬಿಸಿಲಿಗೆ ನಾಯಿಗಳೂ ನೆರಳು ಬಿಟ್ಟು ಏಳುವುದಿಲ್ಲ. ಅಂಥ ಏಪ್ರಿಲ್‌ನಲ್ಲಿ ನಾನು ಉಣ್ಣೆಯ ಸ್ವೆಟರ್ ತೊಟ್ಟು ತಿಕೋಟಾ ಬಸ್ಸು ಹತ್ತುತ್ತಿದ್ದೆ. ನನಗೆ ಚಳಿ. ಉಳಿದವರೆಲ್ಲ ಟವೆಲಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದರೆ ನಾನು ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡು ಮುದುರಿ ಕೂರುತ್ತಿದ್ದೆ. ಕಂಡಕ್ಟರ್ ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟ.

“ಅಕ್ಕೋರ, ಟಿಕೀಟ ತಿಕೋಟಾಕ್ಕ ಕೊಡ್ಲ್ಯೋ, ಕಾಶ್ಮೀರಕ್ಕ ಕೊಡ್ಲ್ಯೋ?”

ಇಡೀ ಬಸ್ಸು ನಕ್ಕಿತು. ನನಗೆ ಉತ್ತರ ಹೊಳೆಯುವ ಹೊತ್ತಿಗೆ ಅವನು ಹಿಂದಿನ ಸೀಟಿಗೆ ಹೋಗಿದ್ದ. ಆ ವರ್ಷ ನನಗೆ ಎಲ್ಲ ಉತ್ತರಗಳೂ ಹಾಗೇ, ಜನ ಎದ್ದು ಹೋದ ಮೇಲೆ ಹೊಳೆಯುತ್ತಿದ್ದವು.

ಇನ್ನೊಂದು ದಿನ ಬಸ್ಸಿನಲ್ಲಿ ಕಣ್ಣು ಮುಚ್ಚಿದವಳು ತೆರೆದಾಗ ಘೋಣಸಗಿಯಲ್ಲಿದ್ದೆ. ಅದು ನಮ್ಮ ಅತ್ತೆಯ ತವರೂರು. ಎಮ್ಮೆ ಮೇಯಿಸಿಕೊಂಡಿದ್ದ ಅತ್ತೆಯ ತಮ್ಮ ನನ್ನನ್ನು ಕಂಡು ಗಾಬರಿಯಿಂದ ಓಡಿ ಬಂದ.

“ಏನವ್ವಾ, ಹಿಂಗ ಒಮ್ಮಿಗ್ಲೇ ಬಂದಿ? ಅಕ್ಕಗ ಏನರೆ ಆತೇನ?”

“ಎಲ್ಲಾರೂ ಆರಾಮ ಅದಾರ್ರಿ. ನಾ ಸುಮ್ನ ನಿದ್ದಿ ಮಾಡ್ಕೋತ ಬಂದೇನಿ,” ಎಂದೆ.

ಅವನು ಮಜ್ಜಿಗೆ ಕುಡಿಸಿ, ವಾಪಸು ಬಸ್ಸಿಗೆ ಹತ್ತಿಸಿ, ತಿಕೋಟಾದಲ್ಲಿ ಇಳಿಸುವಂತೆ ಡ್ರೈವರನಿಗೆ ಕೈಮುಗಿದು ಹೇಳಿದ. ಡ್ರೈವರ್ ಮರೆತ, ನಾನು ಮತ್ತೆ ಮಲಗಿದೆ, ಎಚ್ಚರಾದಾಗ ಬಿಜಾಪುರ. ಆ ದಿನ ತಿಕೋಟಾ ಎರಡು ಸಲ ದಾಟಿದೆ, ಒಂದು ಸಲವೂ ಇಳಿಯಲಿಲ್ಲ.

ಹಾಗಲಕಾಯಿಯ ಕೀರ್ತಿ

ಸಕ್ಕರೆ ಕಾಯಿಲೆ ನನಗೆ ಮದುವೆಯಾದ ಎರಡನೇ ವರ್ಷವೇ ಗಂಟುಬಿದ್ದಿತ್ತು. ದಿನಾ ಬೆಳಿಗ್ಗೆ ಗಾಜಿನ ಸಿರಿಂಜು ಕುದಿಸಿ ಇನ್ಸುಲಿನ್ ಚುಚ್ಚಿಕೊಳ್ಳಬೇಕು. ಅದಕ್ಕೆ ತಂಪು ಬೇಕು, ನಮ್ಮ ಮನೆಯಲ್ಲಿ ಫ್ರಿಜ್ ಎಲ್ಲಿಯದು? ಸೀಸೆ ನೀರಿನ ಗಡಿಗೆಯ ಪಕ್ಕ ಒದ್ದೆ ಅರಿವೆ ಸುತ್ತಿಕೊಂಡು ಕೂತಿರುತ್ತಿತ್ತು. ಸಕ್ಕರೆ ಎಷ್ಟಿದೆ ಎಂದು ನೋಡಲು ಒಂದು ನೀಲಿ ಔಷಧಕ್ಕೆ ಮೂತ್ರದ ಹನಿ ಬೆರೆಸಿ ಸ್ಪಿರಿಟ್ ದೀಪದ ಮೇಲೆ ಕಾಯಿಸಬೇಕು. ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ. ಇಟ್ಟಂಗಿ ಬಣ್ಣಕ್ಕೆ ತಿರುಗಿದರೆ ಸಕ್ಕರೆ ಏರಿದೆ ಎಂದು ಅರ್ಥ, ಅವತ್ತು ಅತ್ತೆಯ ಬೈಗುಳವೂ ಏರುತ್ತಿತ್ತು.

ಸ್ವೆಟರಿನ ಆ ವರ್ಷ ನಮ್ಮ ಮನೆಯಲ್ಲಿ ಒಂದು ಪವಾಡ ನಡೆಯಿತು. ನೀಲಿ ನೀಲಿಯಾಗಿಯೇ ಉಳಿಯತೊಡಗಿತು. ಗಂಡ ಡಾಕ್ಟರರಿಗೆ ಹೋಗಿ ಹೇಳಿದ, ಅವರು ಇನ್ಸುಲಿನ್ ಇಳಿಸಿದರು. ಆದರೂ ನೀಲಿ. ಮತ್ತೆ ಇಳಿಸಿದರು, ಮತ್ತೂ ನೀಲಿ.

ಅತ್ತೆ ಇದರ ಕೀರ್ತಿಯನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ದಿನಾ ನಸುಕಿನಲ್ಲಿ ನನಗೆ ಹಾಗಲಕಾಯಿ ಅರೆದು ಒಂದು ಲೋಟ ರಸ ಕೊಡುತ್ತಿದ್ದವರು ಅವರೇ. “ಡಾಕ್ಟರ್ ಏನ ಮಾಡ್ಯಾನ? ನನ್ನ ಕೈಗುಣ ಅದು,” ಎಂದು ಪೇಟೆಯ ತುಂಬ ಹೇಳಿದರು. ಸಕ್ಕರೆ ಕಾಯಿಲೆಯವರು ಲೋಟ ಹಿಡಿದು ನಮ್ಮ ಹೊಸ್ತಿಲಿಗೆ ಬರತೊಡಗಿದರು. ಪಕ್ಕದ ಮನೆಯ ಬಳೆ ಮಾರುವ ಮುದುಕಿ, ನಾನು ಖಾಲಾ ಎಂದು ಕರೆಯುವಾಕೆ, ತನ್ನ ತಮ್ಮನಿಗೂ ಒಯ್ದಳು.

ನಿಜ ಹೇಳಬೇಕೆಂದರೆ ನಾನು ಆ ರಸವನ್ನು ಒಂದು ದಿನವೂ ಕುಡಿದವಳಲ್ಲ. ಬಚ್ಚಲಿಗೆ ಸುರಿಯುತ್ತಿದ್ದೆ. ನಮ್ಮ ಬಚ್ಚಲಿಗೆ ಸಕ್ಕರೆ ಕಾಯಿಲೆ ಇದ್ದಿದ್ದರೆ ಅದು ಖಂಡಿತ ವಾಸಿಯಾಗಿರಬೇಕು.

ಹೂಂ

ಆ ಒಂದು ವರ್ಷ ನನ್ನನ್ನು ಮೆಚ್ಚದವರೇ ಇಲ್ಲ. ಸಾಲಿ ತಪಾಸಣೆಗೆ ಬಂದ ಸಾಹೇಬರು ನನ್ನ ವರ್ಗದ ಬಾಗಿಲಲ್ಲಿ ನಿಂತು, “ಎಷ್ಟು ಶಾಂತ ಅದಾವ ಹುಡುಗ್ಯಾರು!” ಎಂದು ಹೆಡ್ ಮಾಸ್ತರರನ್ನು ಹೊಗಳಿದರು. ಹುಡುಗಿಯರು ಶಾಂತವಾಗಿರದೆ ಏನು ಮಾಡಿಯಾರು, ಅಕ್ಕೋರು ಕುರ್ಚಿಯಲ್ಲಿ ಗೊರಕೆ ಹೊಡೆಯುತ್ತಿದ್ದರೆ ಎಬ್ಬಿಸಲು ಅವರಿಗೆ ಹುಚ್ಚೇ?

ಮನೆಯಲ್ಲೂ ಹಾಗೆಯೇ. “ನಮ್ಮ ಸೊಸಿಗೆ ಎದುರುಮಾತು ಗೊತ್ತಿಲ್ಲ,” ಎನ್ನುತ್ತಿದ್ದರು ಅತ್ತೆ. ಎದುರುಮಾತು ಬಿಡಿ, ನನಗೆ ಮಾತೇ ಭಾರವಾಗಿತ್ತು. ನಾಲಿಗೆ ದಪ್ಪ, ದನಿ ಗೊಗ್ಗರು. ಏನು ಕೇಳಿದರೂ ಹೂಂ ಅಂದರೆ ಕೆಲಸ ಮುಗಿಯುತ್ತಿತ್ತು.

ಮದುವೆಯಾಗಿ ಎಂಟು ವರ್ಷವಾದರೂ ನನಗೆ ಮಕ್ಕಳಾಗಿರಲಿಲ್ಲ. ಹಿತ್ತಲಲ್ಲಿ ಘೋಣಸಗಿಯಿಂದ ಬಂದ ಎಮ್ಮೆಯೊಂದಿತ್ತು. ಅದು ಒಮ್ಮೆ ಈದದ್ದು ಬಿಟ್ಟರೆ ಮತ್ತೆ ಗಬ್ಬ ನಿಂತಿರಲಿಲ್ಲ. ಅತ್ತೆಗೆ ನಮ್ಮಿಬ್ಬರದೂ ಚಿಂತೆ. ಬೈಗುಳ ಮಾತ್ರ ನನಗೊಬ್ಬಳಿಗೇ.

ಒಂದು ಮಧ್ಯಾಹ್ನ ಅವರು ಓಣಿಯ ಇಬ್ಬರು ಹಿರಿಯರನ್ನು ಕರೆಸಿ ನನ್ನನ್ನು ಎದುರು ಕೂರಿಸಿದರು.

“ಬಬಲೇಶ್ವರದಾಗ ಒಂದ ಹುಡುಗಿ ಐತಿ. ನಿನ್ನ ತಂಗಿ ಇದ್ದಂಗ. ನಮ್ಮ ಮನಿಗಿ ತರೂಣೇನ ಬೇ?”

ನಾನು ಹೂಂ ಅಂದೆ. ಗಂಡನಿಗೆ ಎರಡನೇ ಲಗ್ನ ನಿಕ್ಕಿಯಾಯಿತು. ಕಾಯ್ದೆ ಒಪ್ಪುವುದಿಲ್ಲ ಎಂದು ಎಲ್ಲರಿಗೂ ಗೊತ್ತು, ಆದರೆ ಮೊದಲನೆಯವಳೇ ಹೂಂ ಅಂದ ಮೇಲೆ ಕಾಯ್ದೆಗೆ ಹೋಗಿ ಹೇಳುವವರು ಯಾರು? ಅದಕ್ಕೂ ಮೊದಲು ಅತ್ತೆ, “ಗಡಿಗ್ಯಾಗಿನ ಮೊಸರ ತೀರೇತೇನ?” ಎಂದು ಕೇಳಿದ್ದರು, ಅದಕ್ಕೂ ನಾನು ಹೂಂ ಅಂದಿದ್ದೆ. ಮೊಸರು ಗಡಿಗೆಯ ಕಂಠದವರೆಗೂ ಇತ್ತು.

ಡಾಕ್ಟರರ ಸುತ್ತಿಗೆ

ಇನ್ಸುಲಿನ್ ಇಳಿಸಿ ಇಳಿಸಿ ಡಾಕ್ಟರರಿಗೇ ಅನುಮಾನ ಬಂತು. “ಹಿಂಗ ಸುಮ್ಸುಮ್ನ ಕಡಿಮಿ ಆಗೂ ಜಡ್ಡಲ್ಲ ಇದು. ಅವರನ್ನ ಕರಕೊಂಡ ಬರ್ರಿ,” ಎಂದು ಗಂಡನಿಗೆ ಹೇಳಿ ಕಳಿಸಿದರು.

ನನ್ನ ಊದಿದ ಮುಖ, ಒಣಗಿದ ಚರ್ಮ, ಏಪ್ರಿಲ್‌ನ ಸ್ವೆಟರ್ ಎಲ್ಲ ನೋಡಿ, ಕುರ್ಚಿಯ ಮೇಲೆ ಮೊಣಕಾಲೂರಿ ನಿಲ್ಲಿಸಿದರು. ರಬ್ಬರಿನ ಪುಟ್ಟ ಸುತ್ತಿಗೆಯಿಂದ ಹಿಮ್ಮಡಿಯ ಮೇಲಿನ ನರಕ್ಕೆ ಒಂದು ಏಟು ಹಾಕಿದರು. ಪಾದ ಹಿಂದಕ್ಕೆ ಹೋಯಿತು. ಹೋದದ್ದು ಅಲ್ಲೇ ನಿಂತು ವಿಚಾರ ಮಾಡಿ ನಿಧಾನಕ್ಕೆ ವಾಪಸು ಬಂತು. ಡಾಕ್ಟರರು ಸಂತೋಷದಿಂದ ಇನ್ನೊಂದು ಏಟು ಹಾಕಿದರು. ನನ್ನ ರಕ್ತ ತಪಾಸಣೆಗೆ ಸೊಲ್ಲಾಪುರಕ್ಕೆ ಹೋಗಿ ಬಂತು, ಅವರ ಅನುಮಾನ ಖರೆಯಾಯಿತು.

“ಕೊಳ್ಳಾಗ ಥೈರಾಯ್ಡ್ ಅಂತ ಒಂದ ಗ್ರಂಥಿ ಅದ. ಮೈಗೆ ಏಳು, ಕೆಲಸಾ ಮಾಡು ಅಂತ ಹೇಳೂದು ಅದ. ಇವರದು ತಾನ ಮಲಗೇದ. ಅದಕ್ಕ ಈ ಚಳಿ, ಈ ನಿದ್ದಿ. ಇನ್ಸುಲಿನ್ನೂ ಅದಕ್ಕ ಕಡಿಮಿ ಸಾಲಾಕತ್ತಿತ್ತು. ಮೈ ಮಲಗಿದ್ರ ಚುಚ್ಚಿದ್ದು ಲಗೂ ಖರ್ಚಾಗಂಗಿಲ್ಲ, ಒಳಗ ಉಳೀತದ.”

ಗಂಡ ಮುಂದೆ ಬಗ್ಗಿ ಕೇಳಿದ: “ಹಂಗಾರ ಹಾಗಲಕಾಯಿ?”

“ಪಲ್ಯಾ ಮಾಡ್ಕೊಂಡ ತಿನ್ರಿ,” ಎಂದರು ಡಾಕ್ಟರರು.

ಪುಟ್ಟ ಬಿಳಿ ಗುಳಿಗೆಗಳ ಸೀಸೆ ಕೊಟ್ಟು, ಜೀವ ಇರುವ ತನಕ ದಿನಾ ಒಂದು ನುಂಗಬೇಕು ಎಂದರು. ಜೊತೆಗೆ ಇನ್ನೊಂದು ಮಾತು ಹೇಳಿದರು. ಈ ಗ್ರಂಥಿ ಮಲಗಿದ್ದರೆ ಗರ್ಭ ನಿಲ್ಲುವುದೂ ಕಷ್ಟ, ಗುಳಿಗೆಯಿಂದ ಮೈ ಸರಿಹೋದರೆ ನಿಲ್ಲಬಹುದು. ಎಂಟು ವರ್ಷ ಬೈಸಿಕೊಂಡದ್ದು ಕೊರಳಿನ ಒಂದು ಗಂಟಿಗಾಗಿಯೇ?

ಡಾಕ್ಟರರು ಗಂಡನ ಕಡೆ ತಿರುಗಿದರು. “ನೀವೂ ಒಮ್ಮೆ ತಪಾಸಣಿ ಮಾಡಿಸ್ಕೋರಿ. ಎರಡೂ ಕಡೆ ನೋಡೂದು ಚಲೋ.”

ಗಂಡ ಥಟ್ಟನೆ ಎದ್ದು ಚಪ್ಪಲಿ ಮೆಟ್ಟಿದ. “ಆಮ್ಯಾಲ ನೋಡೂಣ್ರಿ, ಅಂಗಡ್ಯಾಗ ಗಿರಾಕಿ ಬಂದಾರ.” ಅವನು ಕೆಲಸ ಮಾಡುತ್ತಿದ್ದ ಬಟ್ಟೆ ಅಂಗಡಿ ಅಲ್ಲಿಂದ ಎರಡು ಓಣಿ ಆಚೆ. ಗಿರಾಕಿ ಬಂದದ್ದು ಅವನಿಗೆ ಗೋಡೆಯೊಳಗಿಂದ ಕಂಡಿತ್ತು.

ಬಾಯಿ ಬಂತು

ಗುಳಿಗೆ ಶುರುವಾಗಿ ಎರಡು ತಿಂಗಳಲ್ಲಿ ಸ್ವೆಟರ್ ಟ್ರಂಕಿಗೆ ಹೋಯಿತು. ಊತ ಇಳಿಯಿತು, ದನಿ ತೆರೆಯಿತು. ಬಸ್ಸಿನ ಕಂಡಕ್ಟರನಿಗೆ ಹಳೆಯ ಬಾಕಿ ತೀರಿಸಿದೆ: “ಕಾಶ್ಮೀರಕ್ಕ ಒಂದ ಟಿಕೀಟ ಹರಿಯಪ್ಪಾ. ನನಗಲ್ಲ, ನಿನಗ. ಹೋದಾಂವ ಅಲ್ಲೇ ಇರು.” ಅವನು ನಗಲಿಲ್ಲ. ಸಾಲಿಯಲ್ಲಿ ಹುಡುಗಿಯರು ಗಟ್ಟಿಯಾಗಿ ಮಗ್ಗಿ ಹೇಳತೊಡಗಿದರು, ಹೆಡ್ ಮಾಸ್ತರರು ನನ್ನನ್ನು ಕರೆದು, “ಮೊದಲ ನಿಮ್ಮ ವರ್ಗ ಎಷ್ಟ ಚಲೋ ಇತ್ತಲ್ರಿ,” ಎಂದು ಬೇಜಾರು ಪಟ್ಟರು. ನಿದ್ದೆಯಲ್ಲಿದ್ದಾಗ ನನ್ನನ್ನು ಮೆಚ್ಚಿದವರಲ್ಲಿ ಎದ್ದಾಗ ಮೆಚ್ಚಿದವರು ಒಬ್ಬರೂ ಸಿಗಲಿಲ್ಲ. ಅದು ನನಗೆ ಇವತ್ತಿಗೂ ಚುಚ್ಚುತ್ತದೆ.

ಬಬಲೇಶ್ವರದ ಹುಡುಗಿಯ ವಿಷಯ ಆಗ ತಲೆಗೆ ಹೋಯಿತು. ಅತ್ತೆಯ ಎದುರು ನಿಂತೆ.

“ಆ ಹೂಂ ನಿದ್ದಿಯಾಗಿಂದ್ರಿ ಅತ್ತಿ. ನಾ ವಾಪಸ್ ತಗೊಂಡೇನಿ.”

“ಹಿರ್ಯಾರ ಮುಂದ ಅಂದ ಹೂಂ ವಾಪಸ್ ತಗೊಳ್ಳಾಕ ಅದೇನ ಕಡಾ ಕೊಟ್ಟ ಕೊಡಪಾನೇನ ಬೇ?”

“ಮೊಸರಿಗೂ ಹೂಂ ಅಂದಿದ್ದೆ. ಗಡಿಗಿ ತುಂಬ ಇತ್ತಲ್ಲ ಮೊಸರ.”

ಅದೇ ವಾರ ನೀಲಿ ಔಷಧ ಇಟ್ಟಂಗಿ ಬಣ್ಣಕ್ಕೆ ತಿರುಗಿತು. ಅತ್ತೆ ಆ ಗಾಜಿನ ನಳಿಗೆಯನ್ನು ಓಣಿಗೆಲ್ಲ ತೋರಿಸಿದರು. “ನೋಡ್ರಿ, ಮೊದಲ ಸಕ್ಕರಿ ಇಳದಿತ್ತು, ಬಾಯಿ ಮುಚ್ಚಿತ್ತು. ಆ ಗುಳಿಗಿ ನುಂಗಿದ ಮ್ಯಾಲ ಎರಡೂ ಏರ್ಯಾವ!”

ನಾನೂ ಹೆದರಿ ಡಾಕ್ಟರರ ಹತ್ತಿರ ಓಡಿದೆ. ಅವರು ನಿರಾಳವಾಗಿ ಹೇಳಿದರು: “ಹೆದರಬ್ಯಾಡ್ರಿ. ಮೈ ಎದ್ದೇದ. ಉಂಡದ್ದು ಲಗೂ ರಕ್ತಕ್ಕ ಹೋಗ್ತದ, ಚುಚ್ಚಿದ ಇನ್ಸುಲಿನ್ನೂ ಲಗೂ ಕರಗ್ತದ. ಅದಕ್ಕ ಇನ್ಸುಲಿನ್ ಏರಸೂಣು. ಮುಂದ ಮೈ ಹದಕ್ಕ ಬಂದ್ರ ಮತ್ತ ನೋಡಿ ಹೊಂದಸೂಣು. ಒಂದ ಮಾತ ಮಾತ್ರ ನೆನಪಿಡ್ರಿ. ಗುಳಿಗಿ ಬಿಟ್ಟು ಈ ಏರಿಸಿದ ಇನ್ಸುಲಿನ್ ಚುಚ್ಚಿಕೋತ ಹೋದ್ರ, ಮೈ ಮತ್ತ ಮಲಗ್ತದ, ಇನ್ಸುಲಿನ್ ಒಳಗ ಉಳೀತದ, ಸಕ್ಕರಿ ಪೂರಾ ಇಳದು ಒಂದ ದಿನ ಬೀಳ್ತೀರಿ. ಜೀವಕ್ಕ ಬರ್ತದ. ಹಂಗ ಮೈ ನಡುಗಿ ಬೆವರು ಬಂದ್ರ ಮೊದಲ ಬೆಲ್ಲಾ ಬಾಯಾಗ ಹಾಕ್ಕೋರಿ.”

ಇದನ್ನು ಮನೆಯಲ್ಲಿ ಎಲ್ಲರಿಗೂ ಬಿಡಿಸಿ ಹೇಳಿದೆ. ಪಕ್ಕದ ಮನೆಯಿಂದ ಬಂದಿದ್ದ ಖಾಲಾ ಮಾತ್ರ ಕಿವಿಗೊಟ್ಟು ಕೇಳಿದಳು. ಗಂಡ ಮುಖ್ಯವಾದ ಪ್ರಶ್ನೆ ಕೇಳಿದ: “ಬಾಯಿ ಇಳಿಸಾಕ ಏನೂ ಕೊಟ್ಟಿಲ್ಲೇನ?”

ಸಿಹಿ ಗುಳಿಗೆ

ಸಕ್ಕರೆ ಕಾಯಿಲೆಯವಳಾದ್ದರಿಂದ ನನ್ನ ಚಹಾಕ್ಕೆ ಸಕ್ಕರೆಯ ಬದಲು ಸ್ಯಾಕರಿನ್ ಗುಳಿಗೆ. ಅದರದೂ ಒಂದು ಪುಟ್ಟ ಸೀಸೆ, ಅವೂ ಪುಟ್ಟ ಬಿಳಿ ಗುಳಿಗೆಗಳು. ಎರಡೂ ಸೀಸೆಗಳು ದೇವರ ಗೂಡಿನ ಪಕ್ಕ ಜೋಡಿಯಾಗಿ ಕೂತಿರುತ್ತಿದ್ದವು.

ಮಳೆಗಾಲ ಕಳೆದ ಮೇಲೆ ಒಂದು ದಿನ ಬೆಳಗಿನ ಗುಳಿಗೆ ನಾಲಿಗೆಗೆ ಸಿಹಿಯಾಗಿ ಹತ್ತಿತು. ಮರುದಿನವೂ ಸಿಹಿ. ಕಂಪನಿ ಬದಲಾಗಿರಬೇಕು ಎಂದುಕೊಂಡೆ. ನನ್ನ ಬಾಳಿನಲ್ಲಿ ತಾನಾಗಿ ಸಿಹಿಯಾದದ್ದು ಅದೊಂದೇ, ಅವತ್ತೇ ಅನುಮಾನ ಬರಬೇಕಿತ್ತು.

ಅದೇ ಹೊತ್ತಿಗೆ ಅತ್ತೆ ನನ್ನ ಮೇಲೆ ಹರಿಹಾಯುವುದನ್ನು ಬಿಟ್ಟು ಎಮ್ಮೆಯ ಆರೈಕೆಗೆ ನಿಂತರು. ದಿನಾ ಬೆಳಿಗ್ಗೆ ತಾವೇ ಹಿತ್ತಲಿಗೆ ಹೋಗಿ ರೊಟ್ಟಿಯ ತುಂಡು ತಿನ್ನಿಸುವುದೇನು, ಹಿಂಡಿ ಕಲಸುವುದೇನು! ನಾನು ಮೆಲ್ಲಗೆ ಮತ್ತೆ ಮಂಕಾಗುತ್ತ ಬಂದೆ. ಟ್ರಂಕಿನಿಂದ ಸ್ವೆಟರ್ ಹೊರಗೆ ಬಂತು. ನೀಲಿ ನೀಲಿಯಾಗಿಯೇ ಉಳಿಯಿತು, ಸಕ್ಕರೆ ಹದಕ್ಕೆ ಬಂತು ಎಂದು ನಾನೇ ಹಿಗ್ಗಿದೆ. ಡಾಕ್ಟರರ ಎಚ್ಚರಿಕೆ ನೆನಪಿಗೆ ಬರಲು ತಲೆಯಲ್ಲಿ ಎಚ್ಚರ ಎಲ್ಲಿತ್ತು?

“ಬಬಲೇಶ್ವರದವ್ರು ಮುಂದಿನ ವಾರ ಬರ್ತಾರ. ನಿನ್ನ ಹೂಂ ತಾವ ಕಿವಿಯಾರೆ ಕೇಳಬೇಕಂತ. ಅಂತೀಯಲ್ಲ?” ಎಂದು ಕೇಳಿದರು ಅತ್ತೆ.

“ಹೂಂ,” ಎಂದೆ.

ಮೂರನೇ ಮುಷ್ಟಿ

ಬೀಗರಾಗುವವರಿಗಾಗಿ ಅತ್ತೆ ಗೋಧಿ ರವೆ, ಬೆಲ್ಲ, ಗಸಗಸೆ ಹಾಕಿ ಘಮಘಮ ಮಾದಲಿ ಮಾಡಿದ್ದರು. ನಾನು ಬೆಳಿಗ್ಗೆ ಎಂದಿನಂತೆ ಏರಿಸಿದ ಲೆಕ್ಕದ ಇನ್ಸುಲಿನ್ ಚುಚ್ಚಿಕೊಂಡೆ. ಬಬಲೇಶ್ವರದ ಬಸ್ಸು ತಡವಾಯಿತು. ಹಸಿವು ತಡೆಯದೆ ಒಂದು ತುತ್ತು ಕೇಳಿದೆ.

“ಬಂದ ಮಂದಿ ಉಣ್ಣೂಕಿಂತ ಮೊದಲ ಮನಿ ಸೊಸಿ ಉಣ್ತಾಳೇನ? ಏನಂದಾರ ಅವರು?” ಎಂದರು ಅತ್ತೆ.

ಮಧ್ಯಾಹ್ನಕ್ಕೆ ಹುಡುಗಿಯ ತಂದೆ, ತಾಯಿ, ಊರ ಹಿರಿಯರು ಬಂದು ಕೂತರು. ತಟ್ಟೆಗಳಿಗೆ ಮಾದಲಿ ಬಿತ್ತು, ತುಪ್ಪ ಬಿತ್ತು. ನನಗೆ ಉಡಿ ತುಂಬಲು ಖಣ, ತೆಂಗಿನಕಾಯಿ ತಂದಿದ್ದರು. ಆಗ ನನ್ನ ಕೈ ನಡುಗಿತು. ಹಣೆಯಿಂದ ಬೆವರು ಇಳಿಯಿತು. ಅಷ್ಟು ನನಗೆ ನೆನಪಿದೆ. ಮುಂದಿನದು ಖಾಲಾ ಹೇಳಿದ್ದು. ಅವಳು ಬಾಗಿಲಲ್ಲಿ ನಿಂತು ಎಲ್ಲ ನೋಡಿದವಳು.

ಹುಡುಗಿಯ ತಂದೆ ಗಂಭೀರವಾಗಿ, “ಏನವ್ವಾ, ನಿನ್ನ ಒಪ್ಪಿಗಿ ಐತೇನ?” ಎಂದು ಕೇಳಿದನಂತೆ. ನಾನು ಎದ್ದು ಹೋಗಿ ಗಂಡನ ಗದ್ದ ಹಿಡಿದು ಬಾಯಿ ಅಗಲಿಸಿ, “ಹಲ್ಲ ನೋಡ್ರಿ ಮೊದಲ. ಹಲ್ಲ ನೋಡಲಾರದ ಯಾರರೆ ವ್ಯಾಪಾರ ಮಾಡ್ತಾರೇನ್ರಿ?” ಅಂದೆನಂತೆ. ಆ ಮನುಷ್ಯ ದನದ ಸಂತೆಯ ರೂಢಿಯ ಮೇಲೆ ಬಗ್ಗಿ ನೋಡಿಯೂಬಿಟ್ಟನಂತೆ. ಆಮೇಲೆ ಅತ್ತೆಯ ಕಡೆ ತಿರುಗಿ, “ನಿಮ್ಮ ಹಾಗಲ ರಸಾ ಎಲ್ಲಾ ಬಚ್ಚಲಾ ಕುಡದೈತಿ,” ಎಂದು ಹೇಳಿ, ತೆಂಗಿನಕಾಯಿಯ ಪಕ್ಕದಲ್ಲೇ ಕುಸಿದೆನಂತೆ.

ಖಾಲಾ ಓಡಿ ಬಂದು, “ಸಕ್ಕರಿ ಇಳದೈತಿ, ಬೆಲ್ಲಾ ತರ್ರಿ!” ಎಂದು ಕೂಗಿದಳು. ಅತ್ತೆ ಅಡ್ಡ ನಿಂತರು. “ಸಕ್ಕರಿ ಜಡ್ಡಿನಾಕಿಗೆ ಬೆಲ್ಲಾ ತಿನಸ್ತಿಯೇನ ಬೇ? ಕೊಲ್ಲಬೇಕಂತ ಮಾಡೀಯೇನ?” ಖಾಲಾ ವಾದಕ್ಕೆ ನಿಲ್ಲದೆ ಹುಡುಗಿಯ ತಂದೆಯ ತಟ್ಟೆಯನ್ನೇ ಕಸಿದುಕೊಂಡು ನನ್ನ ಬಾಯಿಗೆ ಮಾದಲಿ ತುರುಕತೊಡಗಿದಳು. ವರ್ಷಗಟ್ಟಲೆ ಸಿಹಿ ಮುಟ್ಟದವಳು ನಾನು. ಕೊನೆಗೂ ಬಾಯಿ ತುಂಬ ಮಾದಲಿ ಸಿಕ್ಕದ್ದು ಗಂಡನ ಎರಡನೇ ಲಗ್ನದ ಮಾತುಕತೆಯ ಊಟದಲ್ಲಿ.

ಮೆಲ್ಲಗೆ ಕಣ್ಣು ತೆರೆದೆ. ಎಲ್ಲರ ಮುಖ ಕಂಡಿತು, ಗಂಡ ಗದ್ದ ಸವರಿಕೊಳ್ಳುತ್ತಿದ್ದದ್ದು ಕಂಡಿತು. ಹುಡುಗಿಯ ತಂದೆಗೆ ನಾನು ಹೇಳಿದೆ: “ಡಾಕ್ಟರ್ ನನ್ನ ತಪಾಸಣಿ ಮಾಡ್ಯಾರ್ರಿ. ಇವರಿಗೂ ಮಾಡಿಸ್ಕೋರಿ ಅಂದಾರ. ಅಂಗಡ್ಯಾಗ ಗಿರಾಕಿ ಬಂದಾರಂತ ಎದ್ದ ಬಂದ್ರು. ಆ ಗಿರಾಕಿ ಇನ್ನೂ ಹೋಗಿಲ್ಲ.”

ಹುಡುಗಿಯ ತಾಯಿ ಖಣ, ಕಾಯಿ ಎತ್ತಿ ಮತ್ತೆ ಚೀಲಕ್ಕೆ ಹಾಕಿಕೊಂಡಳು. ತಂದೆ, “ಬಸ್ಸಿನ ವ್ಯಾಳ್ಯಾ ಆತು,” ಎಂದು ಕೈ ತೊಳೆಯದೆ ಎದ್ದ. ಬಬಲೇಶ್ವರದಿಂದ ಮತ್ತೆ ಯಾರೂ ಬರಲಿಲ್ಲ.

ಸಂಜೆ ಡಾಕ್ಟರರೇ ಮನೆಗೆ ಬಂದರು. ಗುಳಿಗೆಯ ಸೀಸೆ ತರಿಸಿ ಒಂದನ್ನು ನಾಲಿಗೆಗೆ ಹಚ್ಚಿ ನೋಡಿ, “ಇದು ಸ್ಯಾಕರಿನ್!” ಎಂದರು. “ಥೈರಾಯ್ಡ್ ಗುಳಿಗಿ ಎಲ್ಲಿ?”

ಅತ್ತೆ ಏನೂ ಮುಚ್ಚಿಡಲಿಲ್ಲ. “ಎಮ್ಮಿಗಿ ಹಾಕೇನ್ರಿ, ರೊಟ್ಟ್ಯಾಗ ಸುತ್ತಿ. ಗಬ್ಬ ನಿಲ್ತದ ಅಂತ ನೀವ ಅಂದೀರಂತಲ್ಲ. ಸೀಸೆ ಖಾಲಿ ಕಂಡ್ರ ಇಕಿ ಒದರ್ತಾಳಂತ ಚಾದ ಗುಳಿಗಿ ತುಂಬಿಟ್ಟೆ.”

“ನಾ ಅಂದದ್ದು ಸೊಸಿ ಬಗ್ಗೆರಿ, ಯವ್ವಾ, ಎಮ್ಮಿ ಬಗ್ಗೆ ಅಲ್ಲ!”

“ಸೊಸಿ ಹಾಲ ಕೊಡ್ತಾಳೇನ್ರಿ?”

ಡಾಕ್ಟರರು ಸೀಸೆಯ ಮುಚ್ಚಳ ಹಾಕಿದರು. ಎಮ್ಮೆ ನಿಜವಾಗಿಯೂ ಗಬ್ಬ ನಿಂತಿತ್ತು. ಅಷ್ಟು ದೊಡ್ಡ ಮೈಗೆ ಆ ಚೂರು ಗುಳಿಗೆ ಏನೂ ಮಾಡದು, ಎಲ್ಲ ಹಿಂಡಿಯ ಮಹಿಮೆ ಎಂದರು ಅವರು. ಇರಬಹುದು. ನಾನು ಗುಳಿಗೆ ನುಂಗುತ್ತಿದ್ದಾಗ ನನಗೆ ಯಾರೂ ಹಿಂಡಿ ಕಲಸಿ ಕೊಟ್ಟಿರಲಿಲ್ಲ.

ನನಗೆ ಮಗು ಆಗಲಿಲ್ಲ. ಗಂಡ ಕೊನೆಯವರೆಗೂ ತಪಾಸಣೆಗೆ ಹೋಗಲಿಲ್ಲ. ಆದರೆ ಎರಡನೇ ಲಗ್ನದ ಮಾತು ಮತ್ತೆ ಏಳಲಿಲ್ಲ, ಗುಳಿಗೆಯ ಸೀಸೆ ನನ್ನ ಟ್ರಂಕಿಗೆ ಹೋಗಿ ಬೀಗ ಹಾಕಿಸಿಕೊಂಡಿತು. ಹೊರಡುವ ಮುನ್ನ ಡಾಕ್ಟರರು ಎಲ್ಲರನ್ನೂ ಕೂರಿಸಿ ತಿಳಿಸಿ ಹೇಳಿದ್ದರು: “ಸಕ್ಕರಿ ಇಳದಾಗ ಮನಷ್ಯಾ ಏನೇನರೆ ಮಾತಾಡ್ತಾನ. ಅದು ಶುದ್ಧಿ ಇದ್ದು ಆಡಿದ ಮಾತಲ್ಲ. ಯಾರೂ ಮನಸಿಗೆ ಹಚ್ಕೋಬ್ಯಾಡ್ರಿ.” ಹೀಗಾಗಿ ಅವತ್ತು ಆಡಿದ್ದೆಲ್ಲ ನನಗೆ ಮಾಫ್ ಆಯಿತು.

ಹಲ್ಲಿನ ಮಾತು, ಹಾಗಲ ರಸದ ಮಾತು ನನಗೆ ಖರೆ ನೆನಪಿಲ್ಲ. ಗಿರಾಕಿಯ ಮಾತು ಆಡಿದ್ದು ಮಾತ್ರ ಮೂರನೇ ಮುಷ್ಟಿ ಮಾದಲಿ ಗಂಟಲಿಳಿದ ಮೇಲೆ, ಪೂರಾ ಶುದ್ಧಿಯಲ್ಲಿ. ಅಲ್ಲಿಂದ ಮುಂದೆ ಆ ಮನೆಯಲ್ಲಿ ನಿಜ ಹೇಳಬೇಕಾದಾಗಲೆಲ್ಲ ನಾನು ಮೊದಲು ಸೆರಗಿನಿಂದ ಹಣೆ ಒರೆಸಿಕೊಳ್ಳುತ್ತಿದ್ದೆ. ಅತ್ತೆ ಗಾಬರಿಯಾಗಿ ಬೆಲ್ಲದ ಡಬ್ಬಿ ತರಲು ಒಳಗೆ ಓಡುತ್ತಿದ್ದರು. ಅವರು ಬರುವುದರೊಳಗೆ ನಾನು ಹೇಳಿ ಮುಗಿಸಿರುತ್ತಿದ್ದೆ.